ಬೆಂಜಮಿನ್ ಫ್ರಾಂಕ್ಲಿನ್ ಕಾಲಿಗೆ ಕಟ್ಟಿಕೊಂಡ ಹಲಗೆ

ಬೆಂಜಮಿನ್ ಫ್ರಾಂಕ್ಲಿನ್ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಸಿಡಿಲಿನ ಮೋಡದ ಕೆಳಗೆ ಹಾರಿಸಿದ ಗಾಳಿಪಟ. ಎಲೆಕ್ಟ್ರಿಕಲ್ ಬ್ರಾಂಚಿನ ಗೆಳೆಯರಿಗೆ ಆತನ ಮೇಲೆ ಇನ್ನೊಂದು ಸಣ್ಣ ಸಿಟ್ಟೂ ಇದೆ. ವಿದ್ಯುತ್ತಿಗೆ ಪ್ಲಸ್ಸು ಮೈನಸ್ಸು ಅಂತ ಹೆಸರಿಟ್ಟವನು ಅವನೇ. ಅದರ ಫಲವಾಗಿ ಇವತ್ತಿಗೂ ತಂತಿಯಲ್ಲಿ ಎಲೆಕ್ಟ್ರಾನ್ ಒಂದು ಕಡೆ ಹೋದ್ರೆ, ನಾವು ಪರೀಕ್ಷೆಯಲ್ಲಿ ಬರೆಯೋ ಕರೆಂಟಿನ ಬಾಣ ಅದರ ಎದುರು ದಿಕ್ಕಿಗೆ ಹೋಗುತ್ತೆ. ಆದರೆ 1968ರಲ್ಲಿ ಅಂತರರಾಷ್ಟ್ರೀಯ ಈಜು ಹಾಲ್ ಆಫ್ ಫೇಮ್ ಕೂಡ ಆತನ ಹೆಸರನ್ನು ಸೇರಿಸಿಕೊಂಡಿತು ಅನ್ನೋದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ.

ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಡೈವಿಂಗ್ ಮಾಡಿ ಬಂದವರು ನಮ್ಮ ಹಾಸ್ಟೆಲುಗಳಲ್ಲಿ ಒಬ್ಬಿಬ್ಬರು ಇದ್ದೇ ಇರ್ತಾರೆ. ಒಮ್ಮೆ ನೀರಿನ ರುಚಿ ಹತ್ತಿದ ಮೇಲೆ ಸ್ವಂತ ಫಿನ್ ಬೇಕು ಅನ್ನಿಸುತ್ತೆ. ಕಾಲಿಗೆ ಹಾಕಿಕೊಳ್ಳೋ ಆ ಬಾತುಕೋಳಿ ಪಾದ! ಹುಡುಕೋಕೆ ಕೂತರೆ ಬೆಲೆ, ಬಣ್ಣ, ಸ್ಟಾರ್ ರೇಟಿಂಗ್ ಎಲ್ಲ ಸಿಗುತ್ತೆ. ಮುಖ್ಯ ಪ್ರಶ್ನೆ ಮಾತ್ರ ಎಲ್ಲೋ ಕಳೆದುಹೋಗುತ್ತೆ: ನನ್ನ ಕಾಲು ನೀರನ್ನು ನಿಜಕ್ಕೂ ತಳ್ಳೋದು ಎಲ್ಲಿಂದ, ಮೊದಲು ಸುಸ್ತಾಗೋದು ಎಲ್ಲಿ? ಸುಮಾರು ಮುನ್ನೂರು ವರ್ಷದ ಹಿಂದೆ ಬಾಸ್ಟನ್ನಿನ ಒಬ್ಬ ಹುಡುಗ ಇದೇ ಪ್ರಶ್ನೆ ಕೇಳಿಕೊಂಡಿದ್ದ. ಹಾಗಾಗಿ ಈ ಸಲ ಫ್ರಾಂಕ್ಲಿನ್ ಬದುಕನ್ನು ನಾವು ನೀರಿನ ಕಡೆಯಿಂದ ನೋಡ್ತಿದ್ದೇವೆ.

1706ರ ಜನವರಿ 17ರಂದು ಬಾಸ್ಟನ್ನಿನಲ್ಲಿ ಹುಟ್ಟಿದ. ಅಪ್ಪ ಜೋಸಯ್ಯ ಫ್ರಾಂಕ್ಲಿನ್‌ಗೆ ಒಟ್ಟು 17 ಮಕ್ಕಳು, ಗಂಡುಮಕ್ಕಳಲ್ಲಿ ಇವನೇ ಕೊನೆಯವನು. ಅಪ್ಪನ ಕಸುಬು ಪ್ರಾಣಿಕೊಬ್ಬಿನಿಂದ ಮೇಣದಬತ್ತಿ ಮತ್ತು ಸಾಬೂನು ಮಾಡೋದು. ಶಾಲೆ ಎರಡೇ ವರ್ಷ. ಹತ್ತನೇ ವಯಸ್ಸಿಗೆ ಹುಡುಗ ಬತ್ತಿ ಕತ್ತರಿಸ್ತಾ, ಅಚ್ಚಿಗೆ ಕೊಬ್ಬು ಸುರೀತಾ ಅಂಗಡಿಯಲ್ಲಿ ಕೂತ. ಮನಸ್ಸೆಲ್ಲ ಸಮುದ್ರದ ಮೇಲೆ. ಮನೆ ನೀರಿನ ಹತ್ತಿರವೇ ಇದ್ದಿದ್ದರಿಂದ ಈಜು, ದೋಣಿ ನಡೆಸೋದು ಎರಡೂ ಬೇಗ ಕೈಗೆ ಬಂದಿದ್ದವು. ಹಡಗು ಸೇರ್ತೀನಿ ಅಂದ, ಅಪ್ಪ ಬೇಡವೇ ಬೇಡ ಅಂದರು. ಅದಕ್ಕೆ ಕಾರಣ ಇತ್ತು: ಹಿಂದೆ ಒಬ್ಬ ಅಣ್ಣ ಹಾಗೇ ಸಮುದ್ರಕ್ಕೆ ಹೋಗಿದ್ದ, ಅವನನ್ನು ಸಮುದ್ರವೇ ನುಂಗಿತ್ತು. ಕೊನೆಗೆ 12ನೇ ವಯಸ್ಸಿಗೆ ಇನ್ನೊಬ್ಬ ಅಣ್ಣ ಜೇಮ್ಸ್‌ನ ಅಚ್ಚುಕೂಟದಲ್ಲಿ ಕೆಲಸ ಕಲಿಯೋಕೆ ಹಾಕಿದರು. ಹಡಗು ತಪ್ಪಿತು, ಈಜು ತಪ್ಪಲಿಲ್ಲ.

ಆ ಬಾಲ್ಯದ ದಿನಗಳಲ್ಲೇ ಆತ ಎರಡು ಮರದ ಹಲಗೆ ಮಾಡಿಕೊಂಡದ್ದು. ಮೊಟ್ಟೆಯಾಕಾರ, ಸುಮಾರು 10 ಇಂಚು ಉದ್ದ, 6 ಇಂಚು ಅಗಲ, ಹೆಬ್ಬೆರಳು ತೂರಿಸೋಕೆ ಒಂದು ತೂತು. ಚಿತ್ರ ಬರೆಯೋರು ಬಣ್ಣ ಕಲಸೋ ಪ್ಯಾಲೆಟ್ ಇರುತ್ತಲ್ಲ, ಥೇಟ್ ಹಾಗೇ. ಕೈ ಮುಂದೆ ಚಾಚುವಾಗ ಹಲಗೆಯ ಅಂಚು ನೀರನ್ನು ಸೀಳುವಂತೆ ಹಿಡೀತಿದ್ದ, ಹಿಂದಕ್ಕೆ ಎಳೆಯುವಾಗ ಚಪ್ಪಟೆ ಮೈ ನೀರಿಗೆ ಬಡಿಯುವಂತೆ ತಿರುಗಿಸ್ತಿದ್ದ. ವೇಗ ಹೆಚ್ಚಿತು, ಆದರೆ ಮಣಿಕಟ್ಟು ಸೋತುಹೋಗ್ತಿತ್ತು.

ಇಲ್ಲಿ ಒಂದು ಲೆಕ್ಕ ಮಾಡೋಣ, ಹೇಗೂ ನಾವು ಎಂಜಿನಿಯರಿಂಗ್ ಹುಡುಗ ಹುಡುಗಿಯರೇ ತಾನೆ. ಆ ಹಲಗೆಯ ಕ್ಷೇತ್ರಫಲ ಸುಮಾರು 300 ಚದರ ಸೆಂ.ಮೀ. ದೊಡ್ಡವರ ಅಂಗೈ ಬೆರಳು ಸೇರಿಸಿದರೂ ಅದರ ಅರ್ಧದ ಆಸುಪಾಸು, ಹುಡುಗನ ಕೈ ಇನ್ನೂ ಚಿಕ್ಕದು. ಅದೇ ವೇಗದಲ್ಲಿ ಎಳೆದರೆ ನೀರಿನ ಪ್ರತಿರೋಧ ಕ್ಷೇತ್ರಫಲಕ್ಕೆ ತಕ್ಕಂತೆ ಏರುತ್ತೆ, ಅಂದ್ರೆ ಎರಡು ಪಟ್ಟಿಗೂ ಮೇಲೆ. ಜೊತೆಗೆ ಆ ಬಲ ಬೀಳೋ ಜಾಗ ಮಣಿಕಟ್ಟಿನಿಂದ ಇನ್ನಷ್ಟು ದೂರ ಸರಿಯೋದರಿಂದ ಟಾರ್ಕ್ ಅದಕ್ಕಿಂತ ಹೆಚ್ಚು. ತೋಳಿನ ದೊಡ್ಡ ಸ್ನಾಯು ತಡೆದುಕೊಳ್ಳೋ ಹೊರೆಯನ್ನು ಬಡಪಾಯಿ ಮಣಿಕಟ್ಟು ಹೊರಬೇಕಾಯ್ತು.

ಹಾಗಂತ ದೊಡ್ಡ ಹಲಗೆ ಅನ್ನೋ ಯೋಚನೆ ತಪ್ಪಲ್ಲ. ಹಿಂದಕ್ಕೆ ತಳ್ಳಿದ ನೀರಿನ ದ್ರವ್ಯರಾಶಿ ಮತ್ತು ಅದಕ್ಕೆ ಕೊಟ್ಟ ವೇಗ, ಇವೆರಡರ ಗುಣಲಬ್ಧದಿಂದ ನಮಗೆ ಮುಂದಕ್ಕೆ ನೂಕು ಸಿಗುತ್ತೆ. ಆದರೆ ಖರ್ಚಾಗೋ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ. ಸ್ವಲ್ಪ ನೀರನ್ನು ಜೋರಾಗಿ ಎಸೆಯೋದಕ್ಕಿಂತ ಹೆಚ್ಚು ನೀರನ್ನು ನಿಧಾನವಾಗಿ ತಳ್ಳಿದರೆ ಅದೇ ನೂಕಿಗೆ ಕಡಿಮೆ ದುಡಿಮೆ. ಫಿನ್ ಅನ್ನೋ ವಸ್ತು ಇರೋದೇ ಈ ಕಾರಣಕ್ಕೆ. ಸ್ಕೂಬಾದಲ್ಲಿ ಇದು ಬರೀ ಸುಸ್ತಿನ ಮಾತಲ್ಲ. ಬೆನ್ನಿನ ಸಿಲಿಂಡರಿನಲ್ಲಿರೋ ಗಾಳಿ ಅಳತೆಯದ್ದು. ಕಾಲು ಹೆಚ್ಚು ದುಡಿದಷ್ಟೂ ಉಸಿರು ಹೆಚ್ಚು, ಗಾಳಿ ಬೇಗ ಖಾಲಿ.

ಕೈ ಆದ ಮೇಲೆ ಕಾಲು. ಫ್ರಾಂಕ್ಲಿನ್ ಪಾದದ ಅಡಿಗೂ ಒಂದು ಬಗೆಯ ಹಲಗೆ ಚಪ್ಪಲಿ ಕಟ್ಟಿಕೊಂಡು ಈಜಿ ನೋಡಿದ. ಸಮಾಧಾನ ಆಗಲಿಲ್ಲ. ನಮಗೆ ಈ ಕಥೆಯಲ್ಲಿ ತುಂಬಾ ಹಿಡಿಸಿದ್ದು ಇದೇ ಜಾಗ. ಕೆಲಸ ಮಾಡ್ಲಿಲ್ಲ ಅಂತ ಬಿಸಾಡಿ ಹೋಗಲಿಲ್ಲ, ಯಾಕೆ ಅಂತ ನೋಡಿದ. ಈಜುವಾಗ ಕಾಲಿನ ನೂಕು ಅಂಗಾಲಿನಿಂದ ಮಾತ್ರ ಬರಲ್ಲ, ಪಾದದ ಒಳಬದಿ ಮತ್ತು ಕಣಕಾಲಿನಿಂದಲೂ ಬರುತ್ತೆ ಅನ್ನೋದನ್ನು ಗುರುತಿಸಿದ. ಆಗ ಯುರೋಪಿನವರು ಈಜ್ತಾ ಇದ್ದದ್ದು ಕಪ್ಪೆಯಂತೆ ಕಾಲು ಮಡಚಿ ಅಗಲಿಸಿ ಒದೆಯೋ ರೀತಿಯಲ್ಲಿ. ಆ ಒದೆತದಲ್ಲಿ ಅಂಗಾಲಿಗೆ ಅಂಟಿದ ಹಲಗೆ ಅರ್ಧ ಕೆಲಸ ಮಾಡುತ್ತೆ, ಇನ್ನರ್ಧ ಅಡ್ಡ ಬರುತ್ತೆ. ಈ ವಿವರವನ್ನೆಲ್ಲ ಆತ ಬರೆದಿಟ್ಟದ್ದು ಅರವತ್ತು ದಾಟಿದ ಮೇಲೆ, ಪ್ಯಾರಿಸ್ಸಿನ ಗೆಳೆಯ ಬಾರ್ಬೂ ದ್ಯುಬೂರ್‌ಗೆ ಬರೆದ ಪತ್ರದಲ್ಲಿ. ಅಷ್ಟು ವರ್ಷ ಕಳೆದರೂ ಹಲಗೆಯ ಅಳತೆ ಮರೆತಿರಲಿಲ್ಲ.

ಆತನಿಗೆ ಇನ್ನೂ ಎರಡು ಸಿಗಬೇಕಿತ್ತು. ಒಂದು, ಬಾಗಿ ಮತ್ತೆ ನೆಟ್ಟಗಾಗೋ ವಸ್ತು. ಅದರ ಕಥೆ ಮಜವಾಗಿದೆ. ಫ್ರಾಂಕ್ಲಿನ್‌ನ ಆಪ್ತ ಜೋಸೆಫ್ ಪ್ರೀಸ್ಟ್ಲಿ 1770ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಪೆನ್ಸಿಲ್ ಗೆರೆ ಅಳಿಸೋಕೆ ಒಂದು ಒಳ್ಳೇ ಪದಾರ್ಥ ಬಂದಿದೆ ಅಂತ ತಿಳಿಸಿದ. ಅದೇ ರಬ್ಬರು. ವಸ್ತು ಗೆಳೆಯನ ಮೇಜಿನವರೆಗೂ ಬಂದಿತ್ತು, ಆದರೆ ಗಂಧಕ ಸೇರಿಸಿ ಕಾಯಿಸಿ ಅದನ್ನು ಗಟ್ಟಿ ಮಾಡೋ ವಲ್ಕನೈಸೇಷನ್ ಗೊತ್ತಾಗಿದ್ದು 1839ರಲ್ಲಿ, ಚಾರ್ಲ್ಸ್ ಗುಡ್‌ಇಯರ್‌ಗೆ. ಎರಡನೆಯದು, ಹಲಗೆಯ ಜಾಗ. ಅಂಗಾಲಿನ ಕೆಳಗಲ್ಲ, ಬೆರಳುಗಳ ಮುಂದಕ್ಕೆ. ಪಾದವನ್ನೇ ಉದ್ದ ಮಾಡಿದಂತೆ. ಈ ರೂಪಕ್ಕೆ 1933ರಲ್ಲಿ ಪೇಟೆಂಟ್ ಪಡೆದವನು ಫ್ರಾನ್ಸಿನ ನೌಕಾಪಡೆಯ ಅಧಿಕಾರಿ ಲೂಯಿ ದ ಕಾರ್ಲಿಯು. ಅವನಿಂದ ಲೈಸೆನ್ಸ್ ಪಡೆದು 1940ರ ಹೊತ್ತಿಗೆ ಅಮೆರಿಕದಲ್ಲಿ ರಬ್ಬರ್ ಫಿನ್ ಮಾಡಿ ಮಾರಿದವನು ಓವನ್ ಚರ್ಚಿಲ್, 1932ರ ಒಲಿಂಪಿಕ್ಸಿನಲ್ಲಿ ಹಾಯಿದೋಣಿ ಸ್ಪರ್ಧೆಯ ಚಿನ್ನ ಗೆದ್ದವನು. ಎರಡನೇ ಮಹಾಯುದ್ಧದಲ್ಲಿ ನೀರಿನಡಿ ಕೆಲಸ ಮಾಡೋ ಸೈನಿಕರ ಕಾಲಿಗೆ ಇವೇ ಫಿನ್ ಬಂದವು.

ಇವತ್ತಿನ ಅಂಗಡಿಗೆ ಬಂದರೂ ಫ್ರಾಂಕ್ಲಿನ್‌ನ ಎರಡು ದೂರುಗಳು ಹಾಗೇ ಇವೆ. ಆತನ ಮಣಿಕಟ್ಟಿನ ನೋವೇ ನಮ್ಮ ಮೀನಖಂಡ ಹಿಡ್ಕೊಳ್ಳೋದು. ಉದ್ದ, ಗಡಸು ಬ್ಲೇಡಿನ ಫಿನ್ ಒಂದೊಂದು ಒದೆತಕ್ಕೂ ಹೆಚ್ಚು ನೂಕು ಕೊಡುತ್ತೆ, ಆದರೆ ಅದರ ಟಾರ್ಕ್ ಎಲ್ಲ ಕಣಕಾಲಿನ ಮೇಲೆ. ಅಭ್ಯಾಸ ಇಲ್ಲದ ಕಾಲಿಗೆ ಅರ್ಧ ದಾರಿಯಲ್ಲಿ ಸೆಳೆತ ಗ್ಯಾರಂಟಿ. ತೀರಾ ಮೆತ್ತಗಿನದು ಕಾಲಿಗೆ ಹಿತ, ಆದರೆ ಎದುರು ಪ್ರವಾಹ ಬಂದಾಗ ಬ್ಲೇಡು ಮಡಚಿಕೊಂಡು ಸುಮ್ಮನಾಗುತ್ತೆ. ಆತನ ಚಪ್ಪಲಿಯ ಪಾಠವೂ ಹಾಗೇ: ಒದೆತ ಯಾವುದೋ ಅದಕ್ಕೆ ತಕ್ಕ ಫಿನ್. ನಡುವೆ ಸೀಳಿದ ಸ್ಪ್ಲಿಟ್ ಫಿನ್ ಕಾಲನ್ನು ಮೇಲೆ ಕೆಳಗೆ ಆಡಿಸೋ ಫ್ಲಟರ್ ಕಿಕ್‌ಗೆ ಹಗುರ. ಅದೇ ಫಿನ್ ಹಾಕಿ ಕಪ್ಪೆ ಒದೆತ ಒದ್ದರೆ, ಅಥವಾ ಹಿಂದಕ್ಕೆ ಸರಿಯೋಕೆ ನೋಡಿದರೆ ನೀರು ಸೀಳಿನಲ್ಲೇ ಜಾರಿಹೋಗುತ್ತೆ. ಗುಹೆಯೊಳಗೆ, ಕೆಸರಿನ ತಳದ ಹತ್ತಿರ ಈಜೋರು ಮಣ್ಣು ಏಳದಿರಲಿ ಅಂತ ಕಪ್ಪೆ ಒದೆತವನ್ನೇ ಬಳಸ್ತಾರೆ. ಅವರ ಕಾಲಲ್ಲಿ ಕಾಣೋದು ಗಿಡ್ಡ, ಅಗಲ, ಗಡಸು, ಭಾರದ ರಬ್ಬರ್ ಫಿನ್. ಒಂದೇ ಉಸಿರಲ್ಲಿ ಆಳಕ್ಕಿಳಿಯೋ ಫ್ರೀಡೈವರ್‌ಗಳ ಮೀಟರುದ್ದದ ಕಾರ್ಬನ್ ಫೈಬರ್ ಬ್ಲೇಡು ನೋಡೋಕೆ ಚಂದ, ಸಿಲಿಂಡರ್ ಹೊತ್ತು ಗುಂಪಿನಲ್ಲಿ ಹೋಗೋರಿಗೆ ಪಕ್ಕದವನ ಮುಖಕ್ಕೆ ಬಡಿಯೋ ಸಾಮಾನು.

ಪಾದ ಕೂರೋ ಜಾಗದ ವಿಷಯ ಬೇಗ ಹೇಳಿಬಿಡ್ತೀವಿ. ಬರಿಗಾಲಿಗೆ ಶೂನಂತೆ ಹಾಕೋದು ಫುಲ್ ಫುಟ್, ರಬ್ಬರ್ ಬೂಟಿನ ಮೇಲೆ ಹಿಮ್ಮಡಿಗೆ ಪಟ್ಟಿ ಎಳೆಯೋದು ಓಪನ್ ಹೀಲ್. ದೋಣಿಯಿಂದ ನೇರ ಬೆಚ್ಚಗಿನ ನೀರಿಗೆ ಇಳಿಯೋರಿಗೆ ಮೊದಲನೆಯದು ಸಾಕು. ಕಲ್ಲುಬಂಡೆಯ ದಡದಿಂದ ನಡೆದು ಇಳಿಯೋರಿಗೆ, ತಣ್ಣೀರಿಗೆ ಎರಡನೆಯದು. ಬೆರಳು ಮುದುಡಿದರೆ ಚಿಕ್ಕದು, ಹಿಮ್ಮಡಿ ಎದ್ದೆದ್ದು ಬಂದರೆ ದೊಡ್ಡದು. ಎಷ್ಟೇ ದುಬಾರಿ ಬ್ಲೇಡಾದರೂ ಪಾದ ಸರಿಯಾಗಿ ಕೂರದಿದ್ದರೆ ಕೊಟ್ಟ ಶಕ್ತಿ ಬ್ಲೇಡಿಗೆ ತಲುಪೋದೇ ಇಲ್ಲ.

ಬಾಸ್ಟನ್ನಿನ ಹುಡುಗನಿಗೆ ಗಾಳಿಪಟವೂ ನೀರಿಗೆ ಬಂತು. ಹೆಚ್ಚುಕಮ್ಮಿ ಒಂದು ಮೈಲಿ ಅಗಲದ ಒಂದು ಕೆರೆ. ದಡದಲ್ಲಿ ಪಟ ಹಾರಿಸ್ತಾ ಇದ್ದವನಿಗೆ ಸೆಕೆಯಾಗಿ ನೀರಿಗಿಳಿಯೋ ಮನಸ್ಸಾಯ್ತು, ಪಟ ಇಳಿಸೋ ಮನಸ್ಸಿರಲಿಲ್ಲ. ದಾರ ಸುತ್ತಿದ ಕೋಲು ಹಿಡಿದು ಅಂಗಾತ ತೇಲಿದಾಗ ಪಟವೇ ಎಳೀತು. ಬಟ್ಟೆಯನ್ನು ಇನ್ನೊಬ್ಬ ಹುಡುಗನ ಕೈಗೆ ಕೊಟ್ಟು ದಡ ಸುತ್ತಿ ಆ ಕಡೆ ಬಾ ಅಂತ ಕಳಿಸಿದ, ತಾನು ಕೈಕಾಲು ಆಡಿಸದೆ ಕೆರೆ ದಾಟಿದ. ಇವತ್ತಿನ ಕೈಟ್‌ಸರ್ಫಿಂಗ್‌ಗೆ ಇದೇ ಮುತ್ತಾತ ಅಂದ್ರೂ ನಡೆಯುತ್ತೆ. ಹೀಗೇ ಡೋವರಿನಿಂದ ಕ್ಯಾಲೆಗೂ ದಾಟಬಹುದು, ಆದರೂ ಹಡಗೇ ವಾಸಿ ಅಂತ ಮುದುಕನಾದ ಮೇಲೆ ತಮಾಷೆ ಮಾಡಿದ್ದಾನೆ.

1723ರಲ್ಲಿ, 17ರ ವಯಸ್ಸಿಗೆ, ಅಣ್ಣನ ಹೊಡೆತ ತಾಳಲಾರದೆ ಫಿಲಡೆಲ್ಫಿಯಾಗೆ ಓಡಿಹೋದ. ಮರುವರ್ಷ ಲಂಡನ್ನು. ಅಲ್ಲಿನ ಅಚ್ಚುಕೂಟದಲ್ಲಿ ಅಕ್ಷರ ಜೋಡಿಸ್ತಾ ವೈಗೇಟ್ ಅನ್ನೋ ಗೆಳೆಯನಿಗೂ ಅವನ ಸ್ನೇಹಿತನಿಗೂ ಎರಡೇ ಸಲ ನದಿಗೆ ಕರೆದುಕೊಂಡು ಹೋಗಿ ಈಜು ಕಲಿಸಿದ. ಒಮ್ಮೆ ದೋಣಿಯಲ್ಲಿ ವಾಪಸ್ ಬರುವಾಗ ಗೆಳೆಯರ ಒತ್ತಾಯಕ್ಕೆ ಬಟ್ಟೆ ಕಳಚಿ ಥೇಮ್ಸ್ ನದಿಗೆ ಹಾರಿದ. ಚೆಲ್ಸಿಯಾ ಹತ್ತಿರದಿಂದ ಬ್ಲ್ಯಾಕ್‌ಫ್ರಯರ್ಸ್ ತನಕ, ಅಂದ್ರೆ 5 ಕಿ.ಮೀ.ಗೂ ಹೆಚ್ಚು, ನೀರಿನ ಮೇಲೂ ಅಡಿಯಲ್ಲೂ ಕಸರತ್ತು ತೋರಿಸ್ತಾ ಈಜಿದ. ಆ ಕಸರತ್ತೆಲ್ಲ ಸುಮ್ಮನೆ ಬಂದದ್ದಲ್ಲ. ತೆವೆನೋ ಅನ್ನೋ ಫ್ರೆಂಚ್ ಲೇಖಕನ ಈಜಿನ ಪುಸ್ತಕ ಓದಿ ಅದರ ಎಲ್ಲ ಭಂಗಿಗಳನ್ನೂ ಕಲಿತು, ತನ್ನದೂ ಕೆಲವು ಸೇರಿಸಿಕೊಂಡಿದ್ದ.

ಈ ಸುದ್ದಿ ಸರ್ ವಿಲಿಯಂ ವಿಂಡಮ್ ಅನ್ನೋ ದೊಡ್ಡ ಮನುಷ್ಯನ ಕಿವಿಗೂ ಬಿತ್ತು. ತನ್ನ ಇಬ್ಬರು ಮಕ್ಕಳಿಗೆ ಈಜು ಕಲಿಸು, ಚೆನ್ನಾಗಿ ದುಡ್ಡು ಕೊಡ್ತೀನಿ ಅಂತ ಹೇಳಿ ಕಳಿಸಿದ. ಅಷ್ಟರಲ್ಲಿ ಫ್ರಾಂಕ್ಲಿನ್ ಊರಿಗೆ ಹೊರಡೋದು ನಿಶ್ಚಯವಾಗಿತ್ತು. ಈ ಕರೆ ಸ್ವಲ್ಪ ಮೊದಲೇ ಬಂದಿದ್ದರೆ ಲಂಡನ್ನಿನಲ್ಲೇ ಈಜುಶಾಲೆ ತೆರೀತಿದ್ದೆನೇನೋ ಅಂತ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಕೆಲವೇ ದಿನಗಳ ವ್ಯತ್ಯಾಸದಲ್ಲಿ ಅಮೆರಿಕಕ್ಕೆ ಒಬ್ಬ ಸ್ವಿಮ್ಮಿಂಗ್ ಕೋಚ್ ತಪ್ಪಿಹೋದ. 1726ರ ಆ ಮರುಪ್ರಯಾಣದಲ್ಲೂ ಸಮುದ್ರಕ್ಕೆ ಹಾರೋಕೆ ಹೊರಟವನನ್ನು ತಡೆದದ್ದು ಹಡಗಿನ ಸುತ್ತ ರಾಜಗಾಂಭೀರ್ಯದಿಂದ ತಿರುಗ್ತಿದ್ದ ಒಂದು ಶಾರ್ಕ್.

ಮುಂದಿನದು ನಿಮಗೆ ಗೊತ್ತಿರೋ ಫ್ರಾಂಕ್ಲಿನ್. ಅಚ್ಚುಕೂಟ, ಪತ್ರಿಕೆ, ಗ್ರಂಥಾಲಯ. 42ಕ್ಕೆ ವ್ಯಾಪಾರದಿಂದ ನಿವೃತ್ತಿ, ಆಮೇಲೆ ವಿದ್ಯುತ್ತು. 1749ರಲ್ಲಿ ಫಿಲಡೆಲ್ಫಿಯಾದಲ್ಲಿ ಒಂದು ವಿದ್ಯಾಸಂಸ್ಥೆ ಬೇಕು ಅಂತ ಬರೆದ ಕರಡಿನಲ್ಲಿ ಓಟ, ನೆಗೆತ, ಕುಸ್ತಿಯ ಜೊತೆ ಈಜನ್ನೂ ಸೇರಿಸಿದ. ಅದೇ ಸಂಸ್ಥೆ ಬೆಳೆದು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಆಯ್ತು. ತಾನು ರೂಪಿಸಿದ ಒಲೆಗೆ ಅಲ್ಲಿನ ಗವರ್ನರ್ ಪೇಟೆಂಟ್ ಕೊಡ್ತೀನಿ ಅಂದಾಗ ಬೇಡ ಅಂದ. ಲಂಡನ್ನಿನ ಒಬ್ಬ ಕಬ್ಬಿಣದ ವ್ಯಾಪಾರಿ ಅದನ್ನೇ ಚೂರು ಬದಲಿಸಿ ಪೇಟೆಂಟ್ ಮಾಡಿಸಿ ದುಡ್ಡು ಮಾಡಿಕೊಂಡ. ಹೊಗಳೋದು ಮಾತ್ರ ನಮ್ಮ ಕೆಲಸವಲ್ಲ: ಮನುಷ್ಯರ ಸ್ವಾತಂತ್ರ್ಯದ ಬಗ್ಗೆ ಅಷ್ಟು ಬರೆದ ಈತನ ಮನೆಯಲ್ಲೂ ಗುಲಾಮರಿದ್ದರು. ಗುಲಾಮಗಿರಿ ನಿಲ್ಲಿಸಿ ಅಂತ ಅಮೆರಿಕದ ಸಂಸತ್ತಿಗೆ ಅರ್ಜಿ ಹಾಕಿದ್ದು 1790ರಲ್ಲಿ, ಸಾಯೋ ಕೆಲವೇ ವಾರ ಮೊದಲು.

ನೀರಿನ ಹುಚ್ಚು ನಡುವೆ ಎಲ್ಲೂ ಬಿಟ್ಟಿರಲಿಲ್ಲ. 1766ರಲ್ಲಿ ಹಾಲೆಂಡಿನ ಕಾಲುವೆಯಲ್ಲಿ ಕುದುರೆ ಎಳೆಯೋ ದೋಣಿಯಲ್ಲಿ ಹೋಗುವಾಗ, ನೀರು ಕಡಿಮೆ ಇದ್ದ ಕಡೆ ದೋಣಿ ನಿಧಾನ ಆಗುತ್ತೆ ಅಂತ ದೋಣಿಯವರು ಹೇಳಿದರು. ಲಂಡನ್ನಿಗೆ ಬಂದ ಫ್ರಾಂಕ್ಲಿನ್ ಸುಮ್ಮನೆ ನಂಬಲಿಲ್ಲ. 14 ಅಡಿ ಉದ್ದ, 6 ಇಂಚು ಅಗಲ, 6 ಇಂಚು ಆಳದ ಮರದ ತೊಟ್ಟಿ ಮಾಡಿಸಿದ. ಒಳಗೆ ಮೇಲೆ ಕೆಳಗೆ ಸರಿಸೋಕೆ ಬರೋ ಒಂದು ತಳದ ಹಲಗೆ. 6 ಇಂಚಿನ ಪುಟ್ಟ ದೋಣಿಗೆ ರೇಷ್ಮೆ ದಾರ, ದಾರ ರಾಟೆಯ ಮೇಲೆ, ತುದಿಗೆ ತೂಕವಾಗಿ ಒಂದು ಶಿಲ್ಲಿಂಗ್ ನಾಣ್ಯ. ಸೆಕೆಂಡಿನ ಮುಳ್ಳಿನ ಗಡಿಯಾರ ಇರಲಿಲ್ಲ. ಬಾಯಲ್ಲೇ ಬೇಗಬೇಗ ಹತ್ತರ ತನಕ ಎಣಿಸ್ತಾ, ಹತ್ತುಗಳನ್ನು ಬೆರಳಲ್ಲಿ ಲೆಕ್ಕ ಇಟ್ಟ. ಒಂದೊಂದು ಆಳಕ್ಕೂ ಹಲವು ಸಲ ಓಡಿಸಿ ಸರಾಸರಿ ತೆಗೆದ. ನೀರು ಒಂದೂವರೆ ಇಂಚು ಆಳ ಇದ್ದಾಗ 101 ಎಣಿಕೆ, 2 ಇಂಚಿಗೆ 89, ನಾಲ್ಕೂವರೆ ಇಂಚಿಗೆ 79. ದೋಣಿಯವರು ಹೇಳಿದ್ದು ಸರಿ. ಹಡಗುಗಳ ಮಾದರಿಯನ್ನು ಉದ್ದನೆ ತೊಟ್ಟಿಯಲ್ಲಿ ಎಳೆದು ನೋಡೋ ಟೋಯಿಂಗ್ ಟ್ಯಾಂಕ್ ಇವತ್ತೂ ಕೆಲಸ ಮಾಡೋದು ಹೆಚ್ಚುಕಮ್ಮಿ ಹೀಗೇ.

ಫಿನ್ ಹೋಲಿಸೋಕೆ ನಮಗೆ ಇದಕ್ಕಿಂತ ಒಳ್ಳೇ ದಾರಿ ಕಾಣ್ತಿಲ್ಲ. ನೀವು ಶನಿವಾರ ಒಂದು ಜೊತೆ ಹಾಕಿ ಸಮುದ್ರದಲ್ಲಿ, ಮುಂದಿನ ತಿಂಗಳು ಇನ್ನೊಂದು ಹಾಕಿ ಕೊಳದಲ್ಲಿ ಈಜಿ ಯಾವುದು ಚೆನ್ನಾಗಿತ್ತು ಅಂದ್ರೆ ಅದಕ್ಕೆ ಅರ್ಥ ಇಲ್ಲ. ಅದೇ ಕೊಳ, ಅದೇ 25 ಮೀಟರ್, ಅದೇ ಒದೆತ. ಬದಲಾಗಬೇಕಾದ್ದು ಫಿನ್ ಒಂದೇ. ಸ್ನೇಹಿತರದ್ದೋ ಬಾಡಿಗೆಯದ್ದೋ ಎರಡು ಮೂರು ಬಗೆ ತಂದುಕೊಂಡು, ಆ ದೂರಕ್ಕೆ ಎಷ್ಟು ಒದೆತ ಬೇಕಾಯ್ತು, ಮುಗಿಸಿದಾಗ ಏದುಸಿರು ಎಷ್ಟಿತ್ತು, ಮೊದಲು ನೋವು ಕಂಡದ್ದು ತೊಡೆಯಲ್ಲೋ ಮೀನಖಂಡದಲ್ಲೋ ಅಂತ ಬರೆದುಕೊಳ್ಳಿ. ಸುಸ್ತಾದ ಕಾಲಿಗೆ ಕೊನೆಯಲ್ಲಿ ಹಾಕಿದ ಫಿನ್ ಯಾವಾಗಲೂ ಕೆಟ್ಟದ್ದಾಗೇ ಕಾಣುತ್ತೆ, ಆದ್ದರಿಂದ ಸರದಿ ಅದಲು ಬದಲು ಮಾಡಿ. ತೊಡೆ ದುಡಿದರೆ ಒಳ್ಳೇದು, ಅದು ದೊಡ್ಡ ಸ್ನಾಯು. ಮೀನಖಂಡ ಕಿರುಚಿದರೆ ಬ್ಲೇಡು ನಿಮ್ಮ ಕಾಲಿಗೆ ಗಡಸಾಯ್ತು ಅಂತ ಅರ್ಥ.

ಇನ್ನೂ ಈಜೇ ಬಾರದವರಿಗೆ ಫ್ರಾಂಕ್ಲಿನ್ ಹೇಳಿದ ಉಪಾಯ ಬೇರೆ. ವಯಸ್ಸಾಯ್ತು, ಇನ್ನು ಕಲಿಯೋಕಾಗಲ್ಲ ಅಂತ ಕೈಚೆಲ್ಲಿದ್ದ ಗೆಳೆಯ ಆಲಿವರ್ ನೀವ್‌ಗೆ ಪತ್ರದಲ್ಲಿ ಬರೆದದ್ದು. ಎದೆಮಟ್ಟದ ನೀರಿಗೆ ಹೋಗಿ ದಡದ ಕಡೆ ತಿರುಗಿ ನಿಲ್ಲು, ನಿನಗೂ ದಡಕ್ಕೂ ನಡುವೆ ಒಂದು ಮೊಟ್ಟೆ ಎಸೆ, ಕಣ್ಣು ಬಿಟ್ಟುಕೊಂಡೇ ಮುಳುಗಿ ಅದನ್ನು ಎತ್ತೋಕೆ ನೋಡು. ಆಗ ಮುಳುಗೋದು ಎಷ್ಟು ಕಷ್ಟ, ನೀರು ಹೇಗೆ ಮೇಲಕ್ಕೆ ನೂಕುತ್ತೆ ಅನ್ನೋದು ಮೈಗೆ ಗೊತ್ತಾಗುತ್ತೆ. ಕೈ, ಕಾಲು, ತಲೆ ಸಿಹಿನೀರಿಗಿಂತ ಸ್ವಲ್ಪ ಭಾರ, ಮುಂಡದ ಭಾಗ ಟೊಳ್ಳಿರೋದರಿಂದ ಹಗುರ ಅಂತಲೂ ಅದೇ ಪತ್ರದಲ್ಲಿ ವಿವರಿಸಿದ್ದಾನೆ. ಫಿನ್ ಕೊಳ್ಳೋರಿಗೂ ಇದು ಬೇಕು. ಕಾಲು ಕೆಳಗೆ ಜೋತುಬೀಳೋರಿಗೆ ಭಾರದ ರಬ್ಬರ್ ಫಿನ್ ಹಾಕಿದ್ರೆ ಮೈ ಇನ್ನಷ್ಟು ಓರೆಯಾಗಿ ನೀರಿಗೆ ಅಡ್ಡ ನಿಲ್ಲುತ್ತೆ. ಕಾಲು ಮೇಲೆ ತೇಲೋರಿಗೆ ಅದೇ ಭಾರ ವರ.

ಕೊನೆಯ ವರ್ಷಗಳು ಸುಲಭದ್ದಲ್ಲ. 1752ರಲ್ಲಿ ಸಿಡಿಲಿನ ಗಾಳಿಪಟ ಹಾರಿಸಿದಾಗ ಪಕ್ಕದಲ್ಲಿ ನಿಂತಿದ್ದವನು ಮಗ ವಿಲಿಯಂ. ಮುಂದೆ ಆತ ನ್ಯೂಜೆರ್ಸಿಯ ಗವರ್ನರ್ ಆದ. ಅಮೆರಿಕ ಬ್ರಿಟನ್ ವಿರುದ್ಧ ಎದ್ದಾಗ ಅಪ್ಪ ಸ್ವಾತಂತ್ರ್ಯದ ಘೋಷಣೆಗೆ ಸಹಿ ಹಾಕಿದ, ಮಗ ರಾಜನ ಪರ ನಿಂತು ಜೈಲಿಗೆ ಹೋಗಿ ಕೊನೆಗೆ ಇಂಗ್ಲೆಂಡ್ ಸೇರಿದ. ಫ್ರಾನ್ಸಿನಲ್ಲಿ ಸುಮಾರು ಒಂಬತ್ತು ವರ್ಷ ರಾಯಭಾರಿಯಾಗಿದ್ದ ಫ್ರಾಂಕ್ಲಿನ್ 1785ರ ಜುಲೈನಲ್ಲಿ ಊರಿಗೆ ಹೊರಟು, ದಾರಿಯಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ಬಂದರಿನಲ್ಲಿ ನಾಲ್ಕು ದಿನ ತಂಗಿದ. ಮಗ ನೋಡೋಕೆ ಬಂದ. ಜಮೀನು, ಸಾಲದ ಲೆಕ್ಕಗಳು ತೀರಿದವು, ಮನಸ್ಸಿನ ಲೆಕ್ಕ ತೀರಲಿಲ್ಲ. ಇಬ್ಬರೂ ಮತ್ತೆ ಭೇಟಿಯಾಗಲೇ ಇಲ್ಲ.

ಆ ನಾಲ್ಕು ದಿನದಲ್ಲೇ ಒಂದು ಮಧ್ಯಾಹ್ನ, ಜುಲೈ 27ರಂದು, 79ರ ಮುದುಕ ಊರಿನ ಬಿಸಿ ಉಪ್ಪುನೀರಿನ ಸ್ನಾನದ ಕೊಳಕ್ಕೆ ಹೋದ. ಮೂತ್ರಕೋಶದ ಕಲ್ಲಿನಿಂದ ಗಾಡಿಯ ಕುಲುಕಾಟವೂ ತಾಳಲಾರದ ದೇಹ. ಅಂಗಾತ ತೇಲಿದವನಿಗೆ ನಿದ್ದೆ ಹತ್ತಿತು. ಗಡಿಯಾರದ ಲೆಕ್ಕದಲ್ಲಿ ಹೆಚ್ಚುಕಮ್ಮಿ ಒಂದು ಗಂಟೆ, ಮುಳುಗದೆ, ಮಗ್ಗುಲು ಬದಲಿಸದೆ ಮಲಗಿದ್ದ. ಹೀಗಾಗಬಹುದು ಅಂತ ತನಗೇ ನಂಬಿಕೆ ಇರಲಿಲ್ಲ ಅಂತ ದಿನಚರಿಯಲ್ಲಿ ಬರೆದುಕೊಂಡ. ಆಮೇಲೆ ಹಡಗು ಹೊರಟಿತು. ದಾರಿಯುದ್ದಕ್ಕೂ ಥರ್ಮಾಮೀಟರಿನಿಂದ ಸಮುದ್ರದ ನೀರಿನ ಬಿಸಿ ಅಳೆಯುತ್ತಾ, ಹಡಗು, ಹಾಯಿ, ಲಂಗರುಗಳ ಬಗ್ಗೆ ಉದ್ದನೆಯ ಪತ್ರ ಬರೀತಾ ಸೆಪ್ಟೆಂಬರ್ 14ಕ್ಕೆ ಫಿಲಡೆಲ್ಫಿಯಾ ಮುಟ್ಟಿದ. ತೀರಿಕೊಂಡದ್ದು ಅಲ್ಲೇ, 1790ರ ಏಪ್ರಿಲ್ 17ರಂದು.